ಕಕ್ಕಡದ ಸೊಪ್ಪು, ಡಿಸೆಂಬರಿನ ಗುಲಗಂಜಿ ಹುಳು

ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ತಿರುವುತ್ತಾ ನಮ್ಮತ್ತೆ ಪ್ರತಿ ವರ್ಷವೂ ಹೇಳುತ್ತಿದ್ದರು: "ಇವತ್ತು ಬಿಟ್ಟ ಬಣ್ಣವನ್ನು ಈ ಸೊಪ್ಪು ಮುಂದಿನ ತಿಂಗಳು ಬಿಡುವುದಿಲ್ಲ." ಆ ಕಡುನೇರಳೆ ಬಣ್ಣವನ್ನು ನೋಡುತ್ತಾ ಬೆಳೆದ ನಮಗೆ ಋತುವಿಗೊಂದು ಬಣ್ಣ ಎಂಬುದು ಹೊಸ ಮಾತಲ್ಲ. ಆದರೆ ಹುಳುವಿನ ಮೈಬಣ್ಣಕ್ಕೂ ಹವೆಗೂ ನಂಟಿದೆ ಎಂಬುದು ನನಗೆ ತಿಳಿದದ್ದು ಹಿತ್ತಲಿನ ಅವರೆ ಚಪ್ಪರದಡಿಯಲ್ಲಿ.

ಮಡಿಕೇರಿಯಿಂದ ಗಾಳಿಬೀಡಿಗೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಕಾಫಿ ಕೊಯ್ಲಿನ ಗಡಿಬಿಡಿಯ ಹೊತ್ತಿಗೇ ಅವರೆಯ ಕುಡಿಗಳಿಗೆ ಸಸ್ಯಹೇನು ಮುತ್ತುತ್ತದೆ, ಅದರ ಬೆನ್ನಿಗೇ ಅದನ್ನು ತಿನ್ನುವ ಗುಲಗಂಜಿ ಹುಳುಗಳು (ಲೇಡಿಬರ್ಡ್) ಬರುತ್ತವೆ. ಇಲ್ಲಿ ಹೆಚ್ಚಾಗಿ ಕಾಣುವುದು ಬೆನ್ನ ಮೇಲೆ ಅಂಕುಡೊಂಕು ಕಪ್ಪು ಪಟ್ಟಿಯಿರುವ ಜಾತಿ. ಒಂದು ಚಳಿಗಾಲದಲ್ಲಿ ಕೆಲವು ಹುಳುಗಳು ಪಟ್ಟಿಯೇ ಇಲ್ಲದೆ ತಿಳಿ ಹಳದಿಯಾಗಿದ್ದವು. ಚಳಿಗೆ ಬಣ್ಣ ಕಳೆದುಕೊಂಡಿವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಧ್ಯಾಹ್ನ ಹೋಗಿ ನೋಡಿದರೆ ಅದೇ ಎಲೆಯ ಮೇಲಿನ ಹುಳುವಿಗೆ ಪಟ್ಟಿ ಮೂಡಿತ್ತು! ಪಕ್ಕದಲ್ಲೇ ಒಡೆದ ಕೋಶವೂ ಇತ್ತು. ಕೋಶದಿಂದ ಆಗಷ್ಟೇ ಹೊರಬಂದ ಗುಲಗಂಜಿ ಹುಳು ಹಳದಿಯಾಗಿ, ಮೆತ್ತಗಿರುತ್ತದೆ. ಗಂಟೆಗಳು ಕಳೆದಂತೆ ರೆಕ್ಕೆಯ ಚಿಪ್ಪು ಗಟ್ಟಿಯಾಗಿ ಕಪ್ಪು ಮೂಡುತ್ತದೆ. ಕೆಂಪು ಗಾಢವಾಗಲು ಇನ್ನೂ ಕೆಲವು ದಿನ, ಕೆಲವಕ್ಕೆ ವಾರಗಳೇ ಬೇಕು. ಆದರೆ ಒಮ್ಮೆ ಮೂಡಿದ ಪಟ್ಟಿಯ ಆಕಾರ ಸಾಯುವವರೆಗೂ ಬದಲಾಗುವುದಿಲ್ಲ. ಹಾಗಿದ್ದರೆ ಡಿಸೆಂಬರಿನಲ್ಲಿ ಕಂಡ ದಪ್ಪ ಪಟ್ಟಿಗಳು ಏಪ್ರಿಲಿನಲ್ಲಿ ತೆಳುವಾಗಿ ಕಂಡದ್ದು ಹೇಗೆ? ಅವು ಬೇರೆ ಹುಳುಗಳು, ಬೇರೆ ಹವೆಯಲ್ಲಿ ಕೋಶ ಕಟ್ಟಿದವು.

ಬಹುಬಣ್ಣದ ಏಷ್ಯಾದ ಗುಲಗಂಜಿ ಹುಳುವಿನಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ: ತಂಪಿನಲ್ಲಿ ಬೆಳೆದವುಗಳ ಕಪ್ಪು ಚುಕ್ಕೆಗಳು ದೊಡ್ಡವು, ಬೆಚ್ಚಗೆ ಬೆಳೆದವುಗಳದು ಚಿಕ್ಕವು. ಕಳೆದ ಡಿಸೆಂಬರಿನಲ್ಲಿ ನಾನೂ ಎರಡು ಗಾಜಿನ ಬಾಟಲಿಗಳಿಗೆ ಮಲ್ಲು ಬಟ್ಟೆ ಕಟ್ಟಿ, ಒಂದೇ ಬಳ್ಳಿಯ ಮರಿಗಳನ್ನು ಸಾಕಿದೆ. ಒಂದು ಒಲೆಯ ಮೇಲಿನ ಹಲಗೆಯಲ್ಲಿ, ಇನ್ನೊಂದು ಜಗಲಿಯ ಚಳಿಯಲ್ಲಿ. ಒಲೆಯ ಬಳಿಯವು ಬೇಗ ಹೊರಬಂದವು. ಜಗಲಿಯವು ತಡವಾಗಿ ಬಂದವು, ಹೆಚ್ಚಿನವುಗಳ ಪಟ್ಟಿ ಅಗಲವಾಗಿತ್ತು. ಒಂದೆರಡು ಮಾತ್ರ ಒಲೆಯ ಬಳಿಯವುಗಳಂತೆಯೇ ಇದ್ದವು. ಹುಳುಗಳು ಕೆಲವೇ ಆದ್ದರಿಂದ ಇದನ್ನು ಪ್ರಯೋಗ ಎನ್ನಲಾರೆ. ಆದರೆ ಆ ಒಂದೆರಡನ್ನು ಮರೆಯಲೂ ಆಗುವುದಿಲ್ಲ, ಏಕೆಂದರೆ ಚಳಿಯೊಂದೇ ಬಣ್ಣ ಬರೆಯುವುದಿಲ್ಲ, ವಂಶವೂ ಬರೆಯುತ್ತದೆ.

ವಂಶದ ಕಥೆ ಯುರೋಪಿನ ಎರಡು ಚುಕ್ಕೆಯ ಗುಲಗಂಜಿ ಹುಳುವಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದರಲ್ಲಿ ಕೆಂಪು ಮೈಗೆ ಕಪ್ಪು ಚುಕ್ಕೆಯವೂ ಇವೆ, ಕಪ್ಪು ಮೈಗೆ ಕೆಂಪು ಚುಕ್ಕೆಯವೂ ಇವೆ. ಬರ್ಲಿನ್‌ನಲ್ಲಿ ತಳಿವಿಜ್ಞಾನಿ ಟಿಮೊಫೀಫ್ ರೆಸೊವ್ಸ್ಕಿ ವರ್ಷಗಟ್ಟಲೆ ಎಣಿಸಿ 1940ರಲ್ಲಿ ಪ್ರಕಟಿಸಿದರು: ಬೇಸಿಗೆ ಕಳೆಯುವಷ್ಟರಲ್ಲಿ ಕಪ್ಪಿನ ಪಾಲು ಏರುತ್ತದೆ, ಚಳಿಗಾಲದ ನಿದ್ದೆ ದಾಟಿ ಬರುವುದರಲ್ಲಿ ಕೆಂಪಿನದೇ ಮೇಲುಗೈ. ನೆದರ್ಲೆಂಡ್ಸಿನಲ್ಲಿ 1980ರ ಸುಮಾರಿಗೆ ಕರಾವಳಿಗಿಂತ ಒಳನಾಡಿನಲ್ಲಿ ಕಪ್ಪು ಹುಳು ಬಹಳ ಹೆಚ್ಚು. ಇಪ್ಪತ್ತೈದು ವರ್ಷಗಳಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿದುಹೋಯಿತು, ಕಪ್ಪು ಕುಸಿಯಿತು. ಹವೆ ಬೆಚ್ಚಗಾದದ್ದೇ ಇದಕ್ಕೆ ಕಾರಣವಿರಬಹುದು ಎಂದು ವಿಜ್ಞಾನಿಗಳಾದ ಬ್ರೇಕ್‌ಫೀಲ್ಡ್ ಮತ್ತು ಡಿ ಯಾಂಗ್ 2011ರಲ್ಲಿ ಬರೆದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಇಷ್ಟು ಸಣ್ಣ ಬೆನ್ನಿನ ಮೇಲೆ ಇಷ್ಟು ಬೇಗ!

ಕಪ್ಪಿನ ಲಾಭ ಬಿಸಿಲಿನದು. ಕಪ್ಪು ಚಿಪ್ಪು ಬೇಗ ಕಾಯುತ್ತದೆ, ಕಾದ ಹುಳು ಬೇಗ ನಡೆದು, ತಿಂದು, ಜೋಡಿ ಹುಡುಕುತ್ತದೆ. ನಮ್ಮಲ್ಲಿ ಬೆಳಗಿನ ಮಂಜು ಸರಿದು, ಸಿಲ್ವರ್ ಓಕ್‌ಗಳ ನಡುವೆ ಒಂದು ಕೋಲು ಬಿಸಿಲು ಬಿದ್ದಾಗ ಮೊದಲು ಕದಲುವ ಹುಳು ಯಾವುದು ಎಂದು ಕಾಯುತ್ತಾ ನಿಲ್ಲುತ್ತೇನೆ. ಬಿಸಿಲೇ ಬೀಳದ ದಿನ ಕಪ್ಪಿಗೆ ಈ ಲಾಭವಿಲ್ಲ. ಬಿಸಿಲು ವಿಪರೀತವಾದರೆ ಅದೇ ಕಪ್ಪು ಹೊರೆ.

ಹಾಗೆಂದು ಎಲ್ಲ ಗುಲಗಂಜಿಗಳೂ ಹೀಗಲ್ಲ. ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದ, ಈಗ ಹಿಟ್ಟು ತಿಗಣೆಯನ್ನು ತಿಂದು ನಮ್ಮ ತೋಟಗಳನ್ನು ಕಾಯುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಯಾವ ತಿಂಗಳಲ್ಲಿ ನೋಡಿದರೂ ಕಿತ್ತಳೆ ತಲೆ, ಕಪ್ಪು ಬೆನ್ನು. ಅದರಲ್ಲಿ ಋತುವಿನ ಗುರುತನ್ನು ನಾನು ಕಂಡಿಲ್ಲ.

ತಂಗಿಯ ಮನೆ ಕುಶಾಲನಗರದಲ್ಲಿ. ನಮಗಿಂತ ತಗ್ಗು, ಮಳೆ ಕಡಿಮೆ, ಬಿಸಿಲು ಹೆಚ್ಚು. ಅವಳ ಅಂಗಳದಲ್ಲೂ ಅವರೆ ಚಪ್ಪರವಿದೆ. ಈ ಡಿಸೆಂಬರಿನಿಂದ ಪ್ರತಿ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ಹತ್ತು ಹತ್ತು ಹುಳುಗಳ ಬೆನ್ನಿನ ಚಿತ್ರ ತೆಗೆಯುವುದೆಂದು ಮಾತಾಗಿದೆ. ಹೊಸದಾಗಿ ಹೊರಬಂದ ಹಳದಿ ಹುಳುಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅವಳಿಗೆ ಎರಡು ಸಲ ಹೇಳಿದ್ದೇನೆ.