ಹಿಮಸಿಂಹದ ಕೇಸರಕ್ಕೆ ಬಣ್ಣ ಮರಳಿತು

ಬೈಲಕುಪ್ಪೆಯ ಪರಿಚಿತ ಕುಟುಂಬವೊಂದು ಶುಚಿಗೊಳಿಸಲು ಕೊಟ್ಟಿರುವ ಹಳೆಯ ಟಿಬೆಟನ್ ಮರದ ಸಿಂಹದ ಕೆಲಸ ಈಗ ಕುತ್ತಿಗೆ ದಾಟಿ ಮುಖಕ್ಕೆ ಬಂದಿದೆ. ಇದು ಬಾಗಿಲು ಕಾಯುತ್ತಿದ್ದ ಸಿಂಹವಿರಬಹುದು ಎಂಬ ಊಹೆಯಿತ್ತು; ಅಲ್ಲ ಎಂಬುದು ನನಗೀಗ ಖಚಿತ. ಬೆನ್ನು ಕೆತ್ತದೆ ಚಪ್ಪಟೆಯಾಗಿಯೇ ಉಳಿದಿದೆ, ತಲೆಯ ಮೇಲೆ ಹಲಗೆ ಕೂತಿದ್ದ ಗುರುತಿದೆ, ಒಂದು ಮುಂಗಾಲು ಭಾರ ಹೊತ್ತಂತೆ ಮೇಲೆದ್ದಿದೆ. ಬುದ್ಧನ ಪೀಠವನ್ನು ದಿಕ್ಕಿಗೆ ಎರಡರಂತೆ ಹೊರುವ ಎಂಟು ಹಿಮಸಿಂಹಗಳ (ಟಿಬೆಟನ್ನರ ಪುರಾಣದ ಸಿಂಹಗಳು) ಪರಂಪರೆಗೆ ಸೇರಿದ್ದು ಇದು.

ತಲೆನೋವೆಲ್ಲ ಮಸಿಯದು. ಬೆಣ್ಣೆ ದೀಪಗಳ ಹೊಗೆ ವರ್ಷಗಟ್ಟಲೆ ಕೂತು ಜಿಡ್ಡಾಗಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು ಎನ್ನುವವರಿದ್ದಾರೆ. ನಿಜ, ಬಣ್ಣವೂ ಮುಗಿಯುತ್ತದೆ! ಟಿಬೆಟನ್ ವರ್ಣಕಾರರು ಅರೆದ ಖನಿಜಗಳನ್ನು ಕಲಸುತ್ತಿದ್ದುದು ಚರ್ಮ ಕುದಿಸಿ ತೆಗೆದ ಅಂಟಿನಲ್ಲಿ. ನೀರು ತಗುಲಿದರೆ ಆ ಅಂಟು ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ಮೊದಲು ಮೃದುವಾದ ಕುಂಚ, ಆಮೇಲೆ ಒಣ ರಬ್ಬರ್ ಸ್ಪಂಜು. ಅದಕ್ಕೂ ಬಗ್ಗದ ಕಡೆ ಮಾತ್ರ ಹತ್ತಿಕಡ್ಡಿಯ ತುದಿಗೆ ತುಸು ಮಿನರಲ್ ಟರ್ಪೆಂಟೈನ್, ಅದೂ ಕಾಣದ ಮೂಲೆಯಲ್ಲಿ ಪರೀಕ್ಷಿಸಿದ ಮೇಲೆ. ಕಪ್ಪು ಎಂದುಕೊಂಡಿದ್ದ ಕೇಸರದ ಸುರುಳಿಗಳಲ್ಲಿ ಹಸಿರು ಕಂಡಿತು. ಬಿಳಿ ಮೈ, ನೀಲಿ ಬೆರೆತ ಹಸಿರು ಕೇಸರ: ಹಿಮಸಿಂಹದ ಲಕ್ಷಣವೇ ಅದು.

ಮೂಗು ಮಾತ್ರ ಮೊಂಡು. ಲಾಸಾದ ಜೋಖಾಂಗ್ ದೇಗುಲದ ಸೂರಿನಲ್ಲಿರುವ ಮರದ ಸಿಂಹಗಳೂ ಹಾಗೆಯೇ. ದೇಗುಲ ಕಟ್ಟುವಾಗ ಟಿಬೆಟ್‌ನ ದೊರೆ ಸೊಂಗ್‌ಸೆನ್ ಗಂಪೋನ ಕೈಯಿಂದ ಕೊಡಲಿ ಜಾರಿ ಒಂದರ ಮೂಗು ಹಾರಿತಂತೆ; ಬಡಗಿಗಳು ಉಳಿದವುಗಳ ಮೂಗನ್ನೂ ಕತ್ತರಿಸಿದರಂತೆ. ಕಥೆ ಚೆನ್ನಾಗಿದೆ. ಆದರೆ ಸಿಂಹವನ್ನೇ ಕಾಣದ ಬಡಗಿ ಅಂಗಳದ ನಾಯಿಯನ್ನು ನೋಡಿ ಕೆತ್ತಿರಬೇಕು ಎಂದೇ ನನ್ನ ಗುಮಾನಿ.

ಹಿಂಗಾಲಿನಲ್ಲಿ ಕುಟ್ಟೆ ಹಿಡಿದ ತೂತುಗಳಿವೆ. ಹುಳು ಇನ್ನೂ ಇದೆಯೇ ಎಂದು ತಿಳಿಯಲು ಕೆಳಗೆ ಕಪ್ಪು ಕಾಗದ ಹಾಸಿಟ್ಟಿದ್ದೇನೆ. ಇದುವರೆಗೆ ಹೊಸ ಪುಡಿ ಉದುರಿಲ್ಲ. ನಾಲಗೆಯ ಕೆಂಪು ಅರ್ಧ ಹೋಗಿದೆ. ಮನೆಯ ಹಿರಿಯರಾದ ಅಮಲಾ ಅವರಿಗೆ ಅದನ್ನು ಹೊಸದಾಗಿ ಬಳಿಸುವ ಆಸೆ. ನಾನು ಒಪ್ಪಿಲ್ಲ, ಏಳುತ್ತಿರುವ ಚಕ್ಕೆಗಳನ್ನಷ್ಟೇ ತೆಳು ಅಂಟಿನಿಂದ ಕೂರಿಸುತ್ತೇನೆ. ನೂರು ವರ್ಷ ದಾಟಿದ್ದಾದರೆ ಪುರಾತನ ವಸ್ತುಗಳ ಕುರಿತ ಭಾರತದ 1972ರ ಕಾಯ್ದೆಯಂತೆ ಇದು ಪುರಾತನ ವಸ್ತು, ಹಾಗಾಗಿ ಕುಂಚ ಮುಟ್ಟಿಸುವ ಮೊದಲೇ ಎಲ್ಲ ಕೋನಗಳಿಂದ ಫೋಟೊ ತೆಗೆದಿಟ್ಟಿದ್ದೆ. ಮುಂದಿನ ಸರದಿ ಎಡಗಿವಿ ಮತ್ತು ದವಡೆಯದು.