ಭೂ ಪರಿವರ್ತನೆಯ ಕಡತದಲ್ಲಿ ಕಾರಣ ಬರೆಯುವ ಕೆಲಸ

ಕೊಡಗಿನಲ್ಲಿ ಕಂದಾಯ ಇಲಾಖೆಯ ಭೂ ಪರಿವರ್ತನೆ ಶಾಖೆಯ ಕಡತಗಳನ್ನು ನಿರ್ವಹಿಸುತ್ತ ಬಂದವನು ನಾನು. ಕೃಷಿ ಜಮೀನನ್ನು ಮನೆಗೆ, ಅಂಗಡಿಗೆ, ವಸತಿಗೃಹಕ್ಕೆ ಬಳಸಲು ಅನುಮತಿ ಕೇಳಿ ಬರುವ ಅರ್ಜಿಗಳಿಗೆ ಟಿಪ್ಪಣಿ ಬರೆಯುವುದು, ಸ್ಥಳ ತನಿಖೆಯ ವರದಿಗಳನ್ನು ಒಟ್ಟುಗೂಡಿಸುವುದು, ಅಧಿಕಾರಿಗಳು ತೀರ್ಮಾನಿಸಿದ ಮೇಲೆ ಕರಡು ಆದೇಶ ಸಿದ್ಧಪಡಿಸುವುದು, ಆ ಆದೇಶವನ್ನು ಯಾರಾದರೂ ಪ್ರಶ್ನಿಸಿದರೆ ಮೇಲ್ಮನವಿಗೆ ಕಂಡಿಕೆವಾರು ಉತ್ತರ ತಯಾರಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ಮನವರಿಕೆಯಾದ ಮುಖ್ಯ ಸಂಗತಿಯೆಂದರೆ, ಅರ್ಜಿಯನ್ನು ಮಂಜೂರು ಮಾಡಿದರೂ ತಿರಸ್ಕರಿಸಿದರೂ ಆ ತೀರ್ಮಾನಕ್ಕೆ ಆದೇಶದಲ್ಲಿ ಬರೆದ ಕಾರಣವೇ ಆಧಾರ. ಆ ಕಾರಣ ಕಾನೂನಿನಲ್ಲಿಯೂ ಇರಬೇಕು, ಆ ಜಾಗದಲ್ಲಿಯೂ ಕಾಣಬೇಕು. ಈ ಶಾಖೆಗೆ ಹೊಸದಾಗಿ ಬರುವವರಿಗೂ, ಅರ್ಜಿ ಹಿಡಿದು ಕಚೇರಿಗೆ ಅಲೆಯುವವರಿಗೂ ಉಪಯೋಗವಾಗಲಿ ಎಂದು ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಯಾರು ತೀರ್ಮಾನಿಸುತ್ತಾರೆ ಎಂಬುದು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಅನುಮತಿ ಬೇಕು. ಅದನ್ನು ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದ್ದು. ಹಳ್ಳಿಯಲ್ಲಿ ಜನ ಇದನ್ನೇ ಅನ್ಯಕ್ರಾಂತ ಎನ್ನುತ್ತಾರೆ. ಜಮೀನು ಮಡಿಕೇರಿಯಂತಹ ಪಟ್ಟಣದ ಯೋಜನಾ ಪ್ರದೇಶದೊಳಗೆ ಬಂದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಅನ್ವಯವಾಗುತ್ತದೆ. ಆಗ ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರಿಗೆ ಯಾವ ಬಣ್ಣ ಹಚ್ಚಿದ್ದಾರೆ, ಅದು ವಸತಿಗೋ ಕೃಷಿಗೋ ವಾಣಿಜ್ಯಕ್ಕೋ ಎಂಬುದನ್ನು ಯೋಜನಾ ಪ್ರಾಧಿಕಾರ ನೋಡುತ್ತದೆ. ತನ್ನ ಜಮೀನಿನಲ್ಲಿ ಬೇಸಾಯದ ಅನುಕೂಲಕ್ಕಾಗಿ ರೈತ ಕಟ್ಟಿಕೊಳ್ಳುವ ತೋಟದ ಮನೆಗೆ, ಕಣಕ್ಕೆ, ಬಾವಿಗೆ ಪರಿವರ್ತನೆ ಬೇಕಿಲ್ಲ. ಆದರೆ ತೋಟದ ಮನೆ ಎಂದು ಕಟ್ಟಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸಾಲು ಕೊಠಡಿಗಳು ಈ ರಿಯಾಯಿತಿಯೊಳಗೆ ಬರುವುದಿಲ್ಲ. ಅನುಮತಿ ಇಲ್ಲದೆ ಬಳಕೆ ಬದಲಾಯಿಸಿದರೆ 96ನೇ ಕಲಮಿನ ಪ್ರಕಾರ ದಂಡವಿದೆ, ತೆರವಿಗೂ ಅವಕಾಶವಿದೆ.

ಅನುಮತಿ ನಿರಾಕರಿಸುವುದಕ್ಕೆ ಅಧಿಕಾರಿಯ ಇಷ್ಟಾನಿಷ್ಟ ಆಧಾರವಾಗಲಾರದು. ಯಾವ ಕಾರಣಗಳಿಗೆ ನಿರಾಕರಿಸಬಹುದು ಎಂಬುದನ್ನು 95ನೇ ಕಲಮು ತಾನೇ ಹೇಳಿದೆ: ಜಾರಿಯಲ್ಲಿರುವ ಯಾವುದಾದರೂ ಕಾನೂನಿನ ಉದ್ದೇಶ ವಿಫಲವಾಗುವಂತಿದ್ದರೆ, ಸಾರ್ವಜನಿಕರಿಗೆ ಉಪದ್ರವವಾಗುವಂತಿದ್ದರೆ, ಸಾರ್ವಜನಿಕ ಹಿತಕ್ಕೆ ವಿರುದ್ಧವಾಗಿದ್ದರೆ, ಅಥವಾ ವಿಧಿಸುವ ಷರತ್ತುಗಳನ್ನು ಪಾಲಿಸಲು ಅರ್ಜಿದಾರರಿಗೆ ಆಗದಿದ್ದರೆ ಇಲ್ಲವೇ ಮನಸ್ಸಿಲ್ಲದಿದ್ದರೆ. ತೊಂದರೆ ಇರುವುದು ಮೂರನೆಯದರಲ್ಲಿ. ಸಾರ್ವಜನಿಕ ಹಿತ ಎಂಬ ಮಾತು ಬಹಳ ವಿಶಾಲವಾದದ್ದಾದ್ದರಿಂದ, ಸ್ಥಳದಲ್ಲಿ ಏನಿದೆ ಎಂದು ಬರೆಯುವ ಶ್ರಮ ಬೇಡವೆನಿಸಿದಾಗ ಆ ಒಂದು ಪದಪುಂಜವನ್ನು ಇಟ್ಟು ಕಡತ ಮುಗಿಸುವ ಅಭ್ಯಾಸ ಕಚೇರಿಗಳಲ್ಲಿ ಬೆಳೆದಿದೆ. ಇದು ಅರ್ಜಿದಾರರಿಗೆ ಮಾಡುವ ಅನ್ಯಾಯ. ಅದಕ್ಕಿಂತ ಹೆಚ್ಚಾಗಿ, ನಿಜವಾಗಿಯೂ ಉಳಿಯಬೇಕಾದ ಬೆಟ್ಟದ ಮೈಗೆ ಮಾಡುವ ಅನ್ಯಾಯ ಎಂದು ನಾನು ನಂಬುತ್ತೇನೆ, ಏಕೆಂದರೆ ಕಾರಣವಿಲ್ಲದ ನಿರಾಕರಣೆ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ.

ಒಂದು ಕಡತವನ್ನೇ ಹೇಳುತ್ತೇನೆ. ಮಡಿಕೇರಿ ತಾಲ್ಲೂಕಿನ ಒಂದು ಗ್ರಾಮದಲ್ಲಿ, ಕಾಫಿ ತೋಟದ ಅಂಚಿನಲ್ಲಿ ರಸ್ತೆಗೆ ತಾಗಿಕೊಂಡಿದ್ದ 30 ಸೆಂಟ್ಸ್ ಜಾಗವನ್ನು ವಸತಿಗೃಹಕ್ಕಾಗಿ ಪರಿವರ್ತಿಸಿಕೊಡಬೇಕೆಂದು ಅರ್ಜಿ ಬಂದಿತ್ತು. ಜಾಗ ರಸ್ತೆಯಿಂದ ಕೆಳಕ್ಕೆ ಇಳಿಜಾರು; ಕೆಳಗೆ ಒಂದು ತೋಡು (ಸಣ್ಣ ಹಳ್ಳ), ತೋಡಿನ ಆಚೆ ಗದ್ದೆ, ಗದ್ದೆಯ ಅಂಚಿನಲ್ಲಿ ಎರಡು ಮನೆ. ಕೆಳಗಿನ ಮನೆಯವರು ತಕರಾರು ಸಲ್ಲಿಸಿದ್ದರು. ಹಿಂದೆ ಆ ಅರ್ಜಿಯನ್ನು ತಿರಸ್ಕರಿಸಿದ್ದ ಆದೇಶದಲ್ಲಿ ಕಾರಣವೆಂದು ಇದ್ದದ್ದು ಒಂದೇ ವಾಕ್ಯ: ಸಾರ್ವಜನಿಕ ಹಿತದೃಷ್ಟಿಯಿಂದ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಅರ್ಜಿದಾರರು ಮೇಲ್ಮನವಿ ಹೋದರು. ಯಾವ ಹಿತ, ಯಾರ ಹಿತ, ಯಾವ ವರದಿಯ ಆಧಾರ ಎಂದು ಅಲ್ಲಿ ಕೇಳಿದಾಗ ಆದೇಶದಲ್ಲಿ ಉತ್ತರವಿರಲಿಲ್ಲ. ಆದೇಶ ರದ್ದಾಗಿ, ಹೊಸದಾಗಿ ವಿಚಾರಣೆ ನಡೆಸಿ ಸಕಾರಣ ಆದೇಶ ಹೊರಡಿಸಬೇಕೆಂದು ಕಡತ ವಾಪಸು ಬಂತು. ನನ್ನ ಮೇಜಿಗೆ ಅದು ಬಂದದ್ದು ಆಗ.

ಎರಡನೇ ಸಲದ ಸ್ಥಳ ತನಿಖೆ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆಯಲ್ಲಿ, ನಡೆಯಿತು, ಅದರಿಂದ ಬಹಳ ಉಪಕಾರವಾಯಿತು. ಬೇಸಿಗೆಯಲ್ಲಿ ನೋಡಿದವರಿಗೆ ಆ ಜಾಗ ಒಣಗಿದ ಹುಲ್ಲಿನ ಇಳಿಜಾರು ಅಷ್ಟೇ. ಮಳೆಗಾಲದಲ್ಲಿ ನೋಡಿದರೆ ಇಳಿಜಾರಿನ ನಡುಭಾಗದಲ್ಲಿ ಒರತೆ ಒಡೆದು ನೀರು ಹರಿಯುತ್ತಿತ್ತು, ಕಾಲಿಟ್ಟ ಕಡೆ ಮಣ್ಣು ಕುಸಿಯುತ್ತಿತ್ತು, ರಸ್ತೆಯ ಮೋರಿಯ ನೀರೂ ಅದೇ ದಾರಿ ಹಿಡಿದು ತೋಡಿಗೆ ಇಳಿಯುತ್ತಿತ್ತು. ಪಕ್ಕದ ಜಾಗದಲ್ಲಿ ಯಾರೋ ಜೆಸಿಬಿಯಿಂದ ಆಳೆತ್ತರಕ್ಕೂ ಮೀರಿ ನೇರವಾಗಿ ಕಡಿದಿದ್ದ ಬರೆ (ಕಡಿದಾದ ಮಣ್ಣಿನ ದಿಬ್ಬ) ಆಗಲೇ ಬಾಯಿಬಿಟ್ಟಿತ್ತು. ಕಂದಾಯ ನಿರೀಕ್ಷಕರು ಮಹಜರಿನಲ್ಲಿ ಇದನ್ನೆಲ್ಲ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಬರೆದರು. ಭೂಮಾಪಕರು ಒರತೆಯ ಸ್ಥಳವನ್ನೂ ತೋಡಿನ ಅಂಚನ್ನೂ ನಕ್ಷೆಯಲ್ಲಿ ಗುರುತಿಸಿದರು. ತಕರಾರುದಾರರು, ಅರ್ಜಿದಾರರು ಇಬ್ಬರೂ ಅದಕ್ಕೆ ಸಹಿ ಹಾಕಿದರು. ಕರಡು ಆದೇಶದಲ್ಲಿ ನಾನು ಬರೆದದ್ದು ಬೇರೆ ಏನನ್ನೂ ಅಲ್ಲ: ಇಂಥ ಕಡೆ ಒರತೆ ಇದೆ, ಕಟ್ಟಡಕ್ಕೆ ಸಮತಟ್ಟು ಮಾಡಬೇಕಾದರೆ ಇಂತಿಷ್ಟು ಎತ್ತರದ ಬರೆ ಕಡಿಯಬೇಕಾಗುತ್ತದೆ, ಅದರ ಕೆಳಗೆ ವಾಸದ ಮನೆಗಳಿವೆ, ಆದ್ದರಿಂದ ಸಾರ್ವಜನಿಕ ಹಿತಕ್ಕೆ ವಿರುದ್ಧ. ರಸ್ತೆಗೆ ಹತ್ತಿರದ ಮೇಲ್ಭಾಗದ ಗಟ್ಟಿ ನೆಲದಲ್ಲಿ ಅರ್ಜಿದಾರರು ಸ್ವಂತ ಮನೆ ಕಟ್ಟಿಕೊಳ್ಳಲು ಬೇರೆ ಅರ್ಜಿ ಕೊಟ್ಟರೆ ಅದನ್ನು ಅದರದೇ ಯೋಗ್ಯತೆಯ ಮೇಲೆ ಪರಿಶೀಲಿಸಬಹುದೆಂದೂ ಅಧಿಕಾರಿಗಳು ಸೇರಿಸಿದರು. ಆ ಆದೇಶ ಉಳಿಯಿತು.

ಇದಕ್ಕೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣ ಕೊಡಗಿನವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಗಳು ಜರಿದವು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬೆಟ್ಟದಲ್ಲಿ ಜೀವಗಳು ಹೋದವು. ಅತಿಯಾದ ಮಳೆ ಮೂಲ ಕಾರಣವಾದರೂ, ಕಟ್ಟಡಕ್ಕೂ ರಸ್ತೆಗೂ ಇಳಿಜಾರನ್ನು ಮನಬಂದಂತೆ ಕಡಿದದ್ದು, ನೀರಿನ ಸಹಜ ದಾರಿಗಳನ್ನು ಮುಚ್ಚಿದ್ದು ಅನಾಹುತವನ್ನು ಹೆಚ್ಚಿಸಿತೆಂದು ಪರಿಶೀಲಿಸಿದ ಭೂವಿಜ್ಞಾನಿಗಳು ಹೇಳಿದ್ದಾರೆ. ಹಾಗಿರುವಾಗ ಭೂ ಪರಿವರ್ತನೆಯ ಸ್ಥಳ ತನಿಖೆಯನ್ನು ಜೀಪಿನಲ್ಲಿ ಕುಳಿತೇ ಮುಗಿಸುವುದು ಸಲ್ಲದು. ತೋಡು ಎಲ್ಲಿದೆ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಕೆಳಗೆ ಯಾರ ಮನೆ ಇದೆ, ಪಕ್ಕದಲ್ಲಿ ದೇವರಕಾಡು ಇದೆಯೇ ಎಂಬುದನ್ನು ಊರಿನ ಹಿರಿಯರನ್ನು ಕೇಳಿಯೇ ಬರೆಯಬೇಕು. ಆನ್‌ಲೈನಿನಲ್ಲಿ ಅಫಿಡವಿಟ್ ಸಮೇತ ಅರ್ಜಿ ಸಲ್ಲಿಸುವ ವ್ಯವಸ್ಥೆ ಬಂದದ್ದು ಜನರ ಅಲೆದಾಟ ಕಡಿಮೆ ಮಾಡಿದೆ, ಅದು ಒಳ್ಳೆಯದೇ. ಆದರೆ ಅರ್ಜಿದಾರರು ಪ್ರಮಾಣ ಮಾಡಿ ಹೇಳಿದ ಮಾತು ಇಳಿಜಾರಿನ ಬಗ್ಗೆ ತನಿಖೆಯ ಬದಲಿಯಾಗಲಾರದು.

ದಾಖಲೆಯ ವಿಷಯದಲ್ಲಿ ಕೊಡಗಿನ ತೊಡಕು ಬೇರೆಯೇ. ಜಮ್ಮಾ ಬಾಣೆ, ಅಂದರೆ ವಂಶಪಾರಂಪರ್ಯ ಹಕ್ಕಿನ ಬಾಣೆ ಜಮೀನುಗಳ ಪಹಣಿಯಲ್ಲಿ ಅನೇಕ ಕಡೆ ಈಗಲೂ ಒಕ್ಕದ (ಕೊಡವರ ಅವಿಭಕ್ತ ಮನೆತನದ) ಹಿಂದಿನ ಪಟ್ಟೇದಾರರ, ಅಂದರೆ ಯಜಮಾನರ, ಹೆಸರೇ ಇದೆ. ಅವರು ತೀರಿಹೋಗಿ ತಲೆಮಾರುಗಳು ಕಳೆದಿರಬಹುದು, ಅನುಭವದಲ್ಲಿರುವವರು ಬೇರೆ ಬೇರೆ ಮನೆಯವರಿರಬಹುದು. ಬಾಣೆ ಎಂದರೆ ಮೂಲತಃ ಗದ್ದೆಗೆ ಸೇರಿಕೊಂಡಿದ್ದ, ಸೊಪ್ಪು ಸೌದೆ ಮೇವಿಗಾಗಿ ಬಿಟ್ಟ ಎತ್ತರದ ಜಾಗ. ಅದರಲ್ಲಿ ಈಗ ಕಾಫಿ ಇದೆ, ಮನೆಗಳಿವೆ. ಒಕ್ಕದ ಒಬ್ಬರು 20 ಸೆಂಟ್ಸ್ ಪರಿವರ್ತನೆ ಕೇಳಿದರೆ ಉಳಿದ ಹಕ್ಕುದಾರರ ಒಪ್ಪಿಗೆ, ವಿಭಾಗದ ದಾಖಲೆ, ಆ ಭಾಗಕ್ಕೆ ಪ್ರತ್ಯೇಕ 11-ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗವನ್ನು ಅಳೆದು ಬೇರೆಯಾಗಿ ತೋರಿಸುವ ನಕ್ಷೆ) ಎಲ್ಲವೂ ಬೇಕಾಗುತ್ತದೆ. ಇಂತಹ ಕಡತದಲ್ಲಿ ದಾಖಲೆ ಕೊರತೆ ಇದ್ದರೆ ಇಂಥ ದಾಖಲೆ ಕೊಡಿ ಎಂದು ಹಿಂಬರಹ ನೀಡಬೇಕೇ ಹೊರತು ಅರ್ಜಿಯನ್ನು ತಿರಸ್ಕರಿಸಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹಕ್ಕಿನ ವ್ಯಾಜ್ಯ ಬೇರೆ, ಬಳಕೆಯ ಪ್ರಶ್ನೆ ಬೇರೆ. ಹಕ್ಕಿನ ವ್ಯಾಜ್ಯವನ್ನು ತೀರ್ಮಾನಿಸಬೇಕಾದದ್ದು ಸಿವಿಲ್ ನ್ಯಾಯಾಲಯ.

ಯೋಜನಾ ಪ್ರದೇಶದೊಳಗಿನ ಬಳಕೆ ಬದಲಾವಣೆ ಇನ್ನೂ ಬಿಗಿಯಾದದ್ದು. ಮಾಸ್ಟರ್ ಪ್ಲಾನ್‌ನಲ್ಲಿ ಕೃಷಿ ಎಂದಿರುವ ಜಾಗವನ್ನು ವಾಣಿಜ್ಯಕ್ಕೆ ತರಬೇಕಾದರೆ 1961ರ ಕಾಯ್ದೆಯ 14-ಎ ಕಲಮಿನಂತೆ ಆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು, ಬೇರೆ ಕಾನೂನುಗಳಿಗೆ ವಿರುದ್ಧವಾಗಿರಬಾರದು, ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆಗೆ ಕನಿಷ್ಠ 15 ದಿನ ಅವಕಾಶ ಕೊಡಬೇಕು. ಇಲ್ಲಿ ಒಂದು ವಿಷಯವನ್ನು ಅರ್ಜಿದಾರರು ಗಮನಿಸಬೇಕು: ಪಕ್ಕದವರಿಗೆ ಸಿಕ್ಕಿದೆ ಎಂಬುದು ಸಾಕಾಗುವ ವಾದವಲ್ಲ. ಆಕ್ಷೇಪಣೆ ಸಲ್ಲಿಸುವವರಿಗೂ ಅದೇ ಮಾತು. ನಮಗೆ ಬೇಡ ಎಂದು ಊರಿನ ಐವತ್ತು ಜನ ಸಹಿ ಹಾಕಿದ ಮನವಿಗಿಂತ, ಮಳೆಗಾಲದಲ್ಲಿ ತೋಡಿನ ನೀರು ಎಲ್ಲಿಯವರೆಗೆ ಏರಿತ್ತು ಎಂಬ ಒಂದು ಫೋಟೋಗೆ, ಶಾಲೆಗೆ ಹೋಗುವ ದಾರಿ ಎಷ್ಟು ಅಗಲವಿದೆ ಎಂಬ ಅಳತೆಗೆ ತೂಕ ಹೆಚ್ಚು. ಸಭೆಯ ನಡವಳಿಯಲ್ಲಿ ಪ್ರತಿ ಆಕ್ಷೇಪಣೆಗೂ ಏನು ಉತ್ತರ ಎಂದು ದಾಖಲಾಗಬೇಕು. ಆಕ್ಷೇಪಣೆಗಳನ್ನು ಪರಿಶೀಲಿಸಲಾಯಿತು ಎಂದಷ್ಟೇ ಬರೆದರೆ ಅದು ಪರಿಶೀಲನೆಯಾಗುವುದಿಲ್ಲ.

ಮಂಜೂರಾತಿಗೂ ಕಾರಣ ಬೇಕು, ಷರತ್ತೂ ಬೇಕು. ಷರತ್ತು ಪಾಲಿಸಲು ಸಾಧ್ಯವಿರುವಂಥದ್ದೂ, ಪಾಲಿಸಿದ್ದಾರೋ ಇಲ್ಲವೋ ಎಂದು ಮತ್ತೊಬ್ಬರು ಹೋಗಿ ನೋಡಬಹುದಾದದ್ದೂ ಆಗಿರಬೇಕು. ಪರಿಸರಕ್ಕೆ ಹಾನಿಯಾಗದಂತೆ ನೋಡಿಕೊಳ್ಳತಕ್ಕದ್ದು ಎಂಬ ಷರತ್ತನ್ನು ಯಾರು ಪರಿಶೀಲಿಸಬೇಕು, ಹೇಗೆ? ತೋಡಿನ ಅಂಚಿನಿಂದ ಇಂತಿಷ್ಟು ದೂರ ಕಟ್ಟಡ ಇರಕೂಡದು, ಬರೆ ಕಡಿದಲ್ಲಿ ನೀರು ಹೊರಹೋಗುವ ಕಿಂಡಿಗಳಿರುವ ತಡೆಗೋಡೆ ಕಟ್ಟಿದ ನಂತರವೇ ತಳಪಾಯ ಹಾಕತಕ್ಕದ್ದು, ಮಣ್ಣು ಅಗೆಯುವ ಕೆಲಸ ಮಳೆಗಾಲದಲ್ಲಿ ನಡೆಸಕೂಡದು ಎಂದರೆ ಗ್ರಾಮ ಆಡಳಿತ ಅಧಿಕಾರಿ ಟೇಪು ಹಿಡಿದು ಹೋಗಿ ನೋಡಿ ಬರಬಹುದು.

ಇನ್ನು ಮೇಲ್ಮನವಿ. ಜಿಲ್ಲಾಧಿಕಾರಿಗಳ ಆದೇಶದ ವಿರುದ್ಧ ಕಂದಾಯ ಕಾಯ್ದೆಯಡಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಉಪವಿಭಾಗಾಧಿಕಾರಿಗಳ ಆದೇಶವಾದರೆ ಜಿಲ್ಲಾಧಿಕಾರಿಗಳ ಬಳಿಗೆ. ಮೊದಲ ಮೇಲ್ಮನವಿಗೆ ಆದೇಶದ ದಿನದಿಂದ 60 ದಿನ, ಎರಡನೆಯದಕ್ಕೆ 90 ದಿನ. ಆದೇಶದ ದೃಢೀಕೃತ ನಕಲು ಪಡೆಯಲು ಹಿಡಿದ ಕಾಲವನ್ನು ಈ ಲೆಕ್ಕದಿಂದ ಬಿಡುತ್ತಾರಾದ್ದರಿಂದ ಆದೇಶ ಗೊತ್ತಾದ ಕೂಡಲೇ ನಕಲಿಗೆ ಅರ್ಜಿ ಹಾಕುವುದು ಒಳ್ಳೆಯದು. ತಡವಾದರೆ ವಿಳಂಬ ಮನ್ನಾ ಅರ್ಜಿಯಲ್ಲಿ ಸರಿಯಾದ ಕಾರಣ ತೋರಿಸಬೇಕು. ನ್ಯಾಯಮಂಡಳಿ ಬೆಂಗಳೂರಿನಲ್ಲಿ, ನಾಪೋಕ್ಲು ಕಡೆಯ ಸಣ್ಣ ಹಿಡುವಳಿದಾರರಿಗೆ ವಕೀಲರ ಶುಲ್ಕಕ್ಕೂ ಬಸ್ಸಿಗೂ ದೊಡ್ಡ ಖರ್ಚು. ಇಲ್ಲಿ ಒಂದು ಪುಟ ಹೆಚ್ಚಿಗೆ ಬರೆದು ಕಾರಣ ತಿಳಿಸಿದ್ದರೆ ಅವರಲ್ಲಿ ಹಲವರು ಅಷ್ಟು ದೂರ ಹೋಗುತ್ತಲೇ ಇರಲಿಲ್ಲ. ಏಕೆ ಆಗದು ಎಂದು ತಿಳಿದವರು ಜಾಗ ಬದಲಿಸಿಯೋ ನಕ್ಷೆ ಬದಲಿಸಿಯೋ ಮತ್ತೆ ಬಂದದ್ದನ್ನು ನಾನು ಕಂಡಿದ್ದೇನೆ.

ಆದೇಶದಲ್ಲಿ ಬಿಟ್ಟುಹೋದ ಕಾರಣವನ್ನು ಮೇಲ್ಮನವಿಯ ಉತ್ತರದಲ್ಲಿ ಸೇರಿಸಿಕೊಳ್ಳಬಹುದು ಎಂದು ಕೆಲವು ಸಹೋದ್ಯೋಗಿಗಳು ಭಾವಿಸುತ್ತಾರೆ. ಹಾಗೆ ಆಗದು. ಚುನಾವಣಾ ಆಯೋಗದ ಆದೇಶವನ್ನು ಪ್ರಶ್ನಿಸಿದ್ದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರ ಡಿಸೆಂಬರ್‌ನಲ್ಲಿಯೇ, ಶಾಸನಬದ್ಧ ಅಧಿಕಾರಿ ಹೊರಡಿಸಿದ ಆದೇಶವನ್ನು ಅದರಲ್ಲಿಯೇ ಹೇಳಿರುವ ಕಾರಣಗಳಿಂದ ಅಳೆಯಬೇಕು, ನಂತರ ಅಫಿಡವಿಟ್ ಮೂಲಕ ಹೊಸ ಕಾರಣ ತುಂಬಲಾಗದು ಎಂದು ಹೇಳಿದೆ. ಹೀಗಾಗಿ ಮೇಲ್ಮನವಿಗೆ ಉತ್ತರ ಬರೆಯುವ ಕೆಲಸ ನಿಜವಾಗಿ ಆರಂಭವಾಗುವುದು ಸ್ಥಳ ತನಿಖೆಯ ದಿನ. ಕಡತ ಮರುವಿಚಾರಣೆಗೆ ವಾಪಸು ಬಂದರೆ ಅರ್ಜಿದಾರರಿಗೂ ತಕರಾರುದಾರರಿಗೂ ಹೊಸದಾಗಿ ನೋಟಿಸು ಹೋಗಬೇಕು, ಹಳೆಯ ವರದಿಯನ್ನೇ ನೆಚ್ಚಿಕೊಳ್ಳದೆ ಮತ್ತೊಮ್ಮೆ ಸ್ಥಳಕ್ಕೆ ಹೋಗಬೇಕು, ಸಾಧ್ಯವಾದರೆ ಮಳೆ ಇರುವಾಗಲೇ ಹೋಗಬೇಕು, ಮತ್ತು ಇಬ್ಬರೂ ಹೇಳಿದ್ದನ್ನು ಅವರವರ ಮಾತಿನಲ್ಲಿಯೇ ಬರೆದುಕೊಂಡು ಪ್ರತಿಯೊಂದಕ್ಕೂ ಆದೇಶದಲ್ಲಿ ಉತ್ತರ ಕೊಡಬೇಕು.