ಮಲೆನಾಡಿನ ರಸ್ತೆಗೆ ಪರಿಸರ ವರದಿ: ಮಳೆಯಲ್ಲಿ ನಡೆಯದೆ ಬರೆಯಬೇಡಿ

ರಸ್ತೆ ಯೋಜನೆಯ ಪರಿಸರ ಪರಿಣಾಮ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಇದ್ದರೆ ಸಾಕು ಅನ್ನುತ್ತದೆ ನಿಯಮ. ದೂಳು, ಸದ್ದು ಅಳೆಯಲು ಅದು ಸರಿಯೇ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ರಸ್ತೆಯನ್ನು ಕೆಡಿಸುವುದೂ ನೀರು, ರಸ್ತೆಯಿಂದ ಕೆಡುವುದೂ ನೀರು. ಮಾರ್ಚ್‌ನಲ್ಲಿ ಸರ್ವೆಗೆ ಹೋದವರ ಕಣ್ಣಿಗೆ ಬೀಳುವುದು ತರಗೆಲೆ ತುಂಬಿದ ತಗ್ಗು. ಜುಲೈನಲ್ಲಿ ಅಲ್ಲೇ ಮೊಣಕಾಲು ಮುಳುಗುವ ಹಳ್ಳ ಓಡುತ್ತಿರುತ್ತದೆ. ಹಾಗಾಗಿ ತಂಡದ ಹೊಣೆ ಹೊತ್ತವರು ನಿಯಮ ಕೇಳದಿದ್ದರೂ ಜುಲೈ–ಆಗಸ್ಟ್‌ನಲ್ಲಿ ಇಡೀ ಮಾರ್ಗವನ್ನು ಒಮ್ಮೆ ಕಾಲ್ನಡಿಗೆಯಲ್ಲಿ ನೋಡಲೇಬೇಕು, ಅದೂ ವಿನ್ಯಾಸ ಅಂತಿಮವಾಗುವ ಮೊದಲು. ಜೀಪಿನಲ್ಲಿ ಕೂತು ನೋಡಿದರೆ ರಸ್ತೆಯಡಿಯ ಮೋರಿಯಿಂದ ನೀರು ಹೊರಬೀಳುವ ಕೆಳಬದಿ ಕಾಣುವುದಿಲ್ಲ.

ಜೊತೆಗೆ ಒಬ್ಬ ಡಿಸೈನ್ ಎಂಜಿನಿಯರ್, ಆ ಊರಿನ ಹಿರಿಯರೊಬ್ಬರು, ಜಿಪಿಎಸ್, ಟೇಪು ಇರಲಿ. ನೀರು ರಸ್ತೆ ದಾಟುವ ಪ್ರತಿ ಜಾಗಕ್ಕೂ ಚೈನೇಜ್ (ರಸ್ತೆಯ ಆರಂಭದಿಂದ ಅಲ್ಲಿಗಿರುವ ದೂರ) ಹಾಕಿ, ಹರಿವಿನ ಅಗಲ–ಆಳ, ಮರದ ಬುಡಕ್ಕೆ ಕಸ ಸಿಕ್ಕಿಕೊಂಡ ಎತ್ತರ, ನೀರು ಎಲ್ಲಿಂದ ಬಂದು ಯಾರ ತೋಟಕ್ಕೆ ಇಳಿಯುತ್ತದೆ, ಈಗಿನ ಮೋರಿಯಲ್ಲಿ ಎಷ್ಟು ಹೂಳು ತುಂಬಿದೆ ಎಂದು ಬರೆದುಕೊಳ್ಳಿ. ಅಬ್ಬಿ ನೀರಿನ ಪೈಪುಗಳನ್ನು ಮರೆಯಬೇಡಿ. ಗುಡ್ಡದ ಒರತೆಯಿಂದ ಮನೆಗೆ ಬರುವ ಆ ಕಪ್ಪು ಪೈಪು ಯಾವ ಇಲಾಖೆಯ ನಕ್ಷೆಯಲ್ಲೂ ಇರುವುದಿಲ್ಲ. ಜೆಸಿಬಿ ಬಂದ ದಿನ ಅದು ತುಂಡಾಗುತ್ತದೆ. ಗುಡ್ಡ ಕಡಿದ ಮಟ್ಟ ಒರತೆಗಿಂತ ಕೆಳಗಾದರೆ ಒರತೆಯೇ ದಿಕ್ಕು ಬದಲಿಸಬಹುದು, ಆಗ ಹೊಸ ಪೈಪು ಹಾಕಿಕೊಟ್ಟರೂ ನೀರಿಲ್ಲ.

ಮೋರಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ರಸ್ತೆ ಅಗಲ ಮಾಡುವಾಗ ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ. ಖರ್ಚು ಉಳಿಸಲು ಹತ್ತಿರ ಹತ್ತಿರ ಇದ್ದ ಮೂರು ಹಳೇ ಮೋರಿ ಮುಚ್ಚಿ, ಪಕ್ಕದ ಚರಂಡಿಯಲ್ಲಿ ನೀರು ಕೂಡಿಸಿ ಒಂದೇ ಕಡೆ ದಾಟಿಸುತ್ತಾರೆ. ಮೂರು ತೋಟಕ್ಕೆ ಹಂಚಿಹೋಗುತ್ತಿದ್ದ ನೀರು ಒಂದೇ ತೋಟಕ್ಕೆ ನುಗ್ಗಿ ಬಸಿಗಾಲುವೆ ಒಡೆಯುತ್ತದೆ, ಅಡಿಕೆ ಬುಡದಲ್ಲಿ ನೀರು ನಿಲ್ಲುತ್ತದೆ. ಉಳಿದ ಎರಡು ತೋಟ ಬೇಸಿಗೆಯಲ್ಲಿ ಒಣಗುತ್ತವೆ. ಎರಡನೆಯ ತಪ್ಪು ಅಳತೆಯದು. ಎರಡು 900 ಮಿ.ಮೀ. ಹ್ಯೂಮ್ ಪೈಪುಗಳ (ದುಂಡನೆಯ ಕಾಂಕ್ರೀಟ್ ಕೊಳವೆಗಳ) ಒಟ್ಟು ಬಾಯಿ 1.3 ಚದರ ಮೀಟರ್ ಕೂಡ ಆಗದು. 2 ಮೀಟರ್ ಅಗಲ, 2 ಮೀಟರ್ ಎತ್ತರದ ಒಂದು ಬಾಕ್ಸ್ ಮೋರಿಗೆ 4 ಚದರ ಮೀಟರ್ ಸಿಗುತ್ತದೆ. ಜೋಡಿ ಪೈಪಿನ ನಡುವೆ ಒಂದು ಕೊಂಬೆ ಅಡ್ಡ ಸಿಕ್ಕಿದರೆ ಸಾಕು, ಸೋಗೆ, ಹಾಳೆ, ತರಗು ಎಲ್ಲ ಬಂದು ಕೂತು ನೀರು ರಸ್ತೆ ಮೇಲೆ ಹತ್ತುತ್ತದೆ. ಮೂರನೆಯದು ಕೆಳಬದಿಯ ಜಿಗಿತ. ಮೋರಿಯ ತಳ ಹಳ್ಳದ ತಳಕ್ಕಿಂತ ಮೇಲಿದ್ದರೆ ಬಿದ್ದ ನೀರು ಗುಂಡಿ ಕೊರೆದು, ಗೋಡೆಯ ಅಡಿಪಾಯ ಹೊರಬೀಳುತ್ತದೆ. ಮೀನು, ಏಡಿ ಮೇಲೇರಲಾರವು. ತಳವನ್ನು ಹಳ್ಳದ ಮಟ್ಟಕ್ಕಿಂತ 20–30 ಸೆಂ.ಮೀ. ಕೆಳಗಿಟ್ಟರೆ ಹಳ್ಳದ ಜಲ್ಲಿ–ಮರಳೇ ಒಳಗೆ ಹಾಸಿಕೊಳ್ಳುತ್ತದೆ. ಕೆಳಬದಿಗೆ ಕಲ್ಲು ಹಾಸು, ಅದರ ಅಂಚಿಗೆ ನೆಲದೊಳಗೆ ಇಳಿದ ತಡೆಗೋಡೆ ಬೇಕೇ ಬೇಕು.

ಧರೆ, ಅಂದರೆ ಗುಡ್ಡ ಕಡಿದ ಬದಿ, ಕುಸಿಯುವುದಕ್ಕೂ ನೀರೇ ಮೂಲ. ನಮ್ಮಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ಎಷ್ಟೋ ಕಡೆ ಶೇಡಿ ಎನ್ನುವ ಮೆತ್ತನೆಯ ಜೇಡಿಮಣ್ಣು. ಬೇಸಿಗೆಯಲ್ಲಿ ನೆಟ್ಟಗೆ ಕಡಿದರೂ ಧರೆ ಗೋಡೆಯಂತೆ ನಿಲ್ಲುತ್ತದೆ, ಅದನ್ನು ನಂಬಿಯೇ ಮೋಸ ಹೋಗುವುದು. ಮಳೆ ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು ಶೇಡಿಯ ಮೇಲೆ ನಿಂತು, ಎರಡು ಪದರ ಕೂಡುವಲ್ಲಿ ಜಿನುಗುತ್ತದೆ. ಆ ಒದ್ದೆ ಗೆರೆ ಮಳೆಗಾಲದ ನಡಿಗೆಯಲ್ಲಿ ಸ್ಪಷ್ಟ ಕಾಣುತ್ತದೆ, ಜನವರಿಯಲ್ಲಿ ಗುರುತೂ ಸಿಗುವುದಿಲ್ಲ. ಗೆರೆ ಇರುವಲ್ಲಿ ಕಡಿತವನ್ನು ಮೆಟ್ಟಿಲಾಗಿ ಮಾಡಿ, ಬುಡದ ಗೋಡೆಗೆ ನೀರುಕಿಂಡಿ ಬಿಟ್ಟು, ಹಿಂದೆ ಜಲ್ಲಿ ತುಂಬಬೇಕು. ಜಲ್ಲಿ ಇಲ್ಲದ ಕಿಂಡಿ ಒಂದೇ ಮಳೆಗಾಲದಲ್ಲಿ ಮಣ್ಣು ಕಟ್ಟಿಕೊಳ್ಳುತ್ತದೆ. ಧರೆಯ ನೆತ್ತಿಯ ಚರಂಡಿ ಬಿರುಕು ಬಿಟ್ಟಿದ್ದರೆ ಇಲ್ಲದಿರುವುದೇ ವಾಸಿ, ನೀರನ್ನು ಸೀದಾ ಧರೆಯೊಳಕ್ಕೇ ಇಳಿಸುತ್ತದೆ. ಮರದ ಎಣಿಕೆಯಲ್ಲಿ ನೆತ್ತಿಯ ಮರಗಳನ್ನೂ ಸೇರಿಸಿ. ಅವುಗಳ ಅರ್ಧ ಬೇರು ಕಡಿದುಹೋಗಿರುತ್ತದೆ.

ಕಡಿದ ಮಣ್ಣು ಎಲ್ಲಿಗೆ? ಗುಡ್ಡದ ಕಡೆ 4 ಮೀಟರ್ ಅಗಲ, 6 ಮೀಟರ್ ಎತ್ತರದ ತ್ರಿಕೋನ ಕಡಿದರೆ ಅಡ್ಡಕೊಯ್ತ 12 ಚದರ ಮೀಟರ್, ಒಂದು ಕಿ.ಮೀ.ಗೆ 12,000 ಘನ ಮೀಟರ್. ಸಡಿಲಾದ ಮಣ್ಣು ಕಾಲು ಭಾಗ ಉಬ್ಬುತ್ತದೆ, 15,000 ಆಯಿತು. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರ್‌ಗೆ 1,500 ಲೋಡು. ಜಾಗ ಮೊದಲೇ ಗೊತ್ತು ಮಾಡದಿದ್ದರೆ ಇಷ್ಟೂ ಮಣ್ಣು ರಾತ್ರೋರಾತ್ರಿ ಕಣಿವೆಗೆ ಬೀಳುತ್ತದೆ, ಮುಂದಿನ ಜೂನ್‌ನಲ್ಲಿ ಗದ್ದೆಗೆ ಇಳಿಯುತ್ತದೆ.

ಕಾನೂನಿನ ಭಾಗ ಚಿಕ್ಕದಾಗಿ ಹೇಳುತ್ತೇನೆ. ಪರಿಸರ ಪರಿಣಾಮ ಅಧ್ಯಯನದ ಬಗ್ಗೆ ಕೇಂದ್ರ ಹೊರಡಿಸಿದ 2006ರ ಅಧಿಸೂಚನೆ, ಅದರ 2013ರ ತಿದ್ದುಪಡಿಯಂತೆ ಹೊಸ ರಾಷ್ಟ್ರೀಯ ಹೆದ್ದಾರಿಗೆ ಪರಿಸರ ಅನುಮತಿ ಬೇಕು. ಹೆದ್ದಾರಿ ವಿಸ್ತರಣೆಗಾದರೆ 100 ಕಿ.ಮೀ. ಮೀರಿದ್ದು, ಹೆಚ್ಚುವರಿ ಜಾಗ ಹಳೇ ಮಾರ್ಗದಲ್ಲಿ 40 ಮೀಟರ್, ಬೈಪಾಸಿನಲ್ಲಿ 60 ಮೀಟರ್ ದಾಟಿದಾಗ ಮಾತ್ರ. ನಮ್ಮ ಕಡೆಯ ಬಹುತೇಕ ಅಗಲೀಕರಣ ಇದರಿಂದ ಹೊರಗೆ. 'ಅನುಮತಿ ಬೇಡ' ಅಂದರೆ 'ಪರಿಶೀಲನೆ ಬೇಡ' ಅಂತಲ್ಲ. ಅರಣ್ಯ ಅನುಮತಿಯ ಎರಡು ಹಂತ, ಅಭಯಾರಣ್ಯವಾದರೆ ವನ್ಯಜೀವಿ ಮಂಡಳಿ, ಮರ ಕಡಿಯಲು 1976ರ ರಾಜ್ಯ ಕಾಯ್ದೆ ಎಲ್ಲವೂ ಹಾಗೆಯೇ ಇವೆ. ಪಹಣಿಯಲ್ಲಿ 'ಕಾನು' (ದಟ್ಟ ಕಾಡು), 'ಸೊಪ್ಪಿನ ಬೆಟ್ಟ' (ತೋಟಕ್ಕೆ ಸೊಪ್ಪು ತರುವ ಕಾಡು) ಎಂದಿದ್ದರೆ ಕಂದಾಯ ಭೂಮಿ ಅಂತ ದಾಟಿಸಬೇಡಿ. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ನಂತರ ದಾಖಲೆಯಲ್ಲಿ ಅರಣ್ಯವೆಂದಿರುವ ಭೂಮಿಗೆಲ್ಲ, ಒಡೆತನ ಯಾರದೇ ಇರಲಿ, ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಪಹಣಿ, ಅರಣ್ಯ ಇಲಾಖೆಯ ನಕ್ಷೆ, ಡೀಮ್ಡ್ ಅರಣ್ಯದ (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದು ಪರಿಗಣಿಸಿದ ಭೂಮಿಯ) ಪಟ್ಟಿ ಮೂರನ್ನೂ ಸರ್ವೆ ನಂಬರಿನ ಮೇಲೆ ತಾಳೆ ನೋಡಿ.

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ಹೆದ್ದಾರಿಯ ಕತ್ತಲೆಕಾನಿನಂಥ ಕಡೆ ರಾಮಪತ್ರೆಯ ಜೌಗುಗಳಿವೆ. ಅಲ್ಲಿನ ಮರಗಳು ನೀರಿನ ಮೇಲಕ್ಕೆ ಬಾಗಿದ ಬೇರುಗಳಿಂದ ಉಸಿರಾಡುತ್ತವೆ. ಹೂಳು ಕೂತರೂ, ನೀರು ತಪ್ಪಿದರೂ ಸಾಯುತ್ತವೆ. ಇಂಥಲ್ಲಿ 'ಬದಲಿ ನೆಡುತೋಪು' ಪರಿಹಾರವೇ ಅಲ್ಲ, ಮಾರ್ಗವೇ ಸರಿಯಬೇಕು. ಸಿಂಗಳೀಕ ಇರುವ ಕಾಡಿನಲ್ಲಿ ಎರಡೂ ಬದಿಯ ಕೊಂಬೆಗಳು ಮೇಲೆ ಕೂಡುವ ಜಾಗಗಳನ್ನು ಗುರುತಿಸಿ ಅಲ್ಲಿ ಅಗಲ ಕಡಿಮೆ ಮಾಡಿಸಿ.

ಸಾರ್ವಜನಿಕ ವಿಚಾರಣೆಗೆ 30 ದಿನದ ನೋಟಿಸ್ ಕೊಡಬೇಕು. ಅಡಿಕೆ ಕೊನೆ ಇಳಿಸುವ ಹೊತ್ತಿಗೆ ಸಭೆ ಇಟ್ಟರೆ ತೋಟದವರು ಬರುವುದಿಲ್ಲ, ಬೇಕಾದ್ದನ್ನು ಹೇಳುವವರು ಅವರೇ.

ಇಷ್ಟೆಲ್ಲ ತಿಳಿದುಕೊಂಡು ವರದಿಯಲ್ಲಿ 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದರೆ ಏನೂ ಆಗದು. ಗುತ್ತಿಗೆದಾರರು ಮಾಡುವುದು ಅಳತೆ ಪುಸ್ತಕಕ್ಕೆ ಬರುವ, ಬಿಲ್ ಆಗುವ ಕೆಲಸವನ್ನು. 'ಕಿ.ಮೀ. 14.350, ಎಡಬದಿ, 2×2 ಬಾಕ್ಸ್, ಕಲ್ಲು ಹಾಸು 6 ಮೀಟರ್' ಎಂದು ಡ್ರಾಯಿಂಗಿನಲ್ಲೂ ಬಿಒಕ್ಯೂನಲ್ಲೂ (ಕೆಲಸದ ಐಟಂ–ಪ್ರಮಾಣಗಳ ಪಟ್ಟಿ) ದರದ ಸಮೇತ ಬರಬೇಕು, ಟೆಂಡರಿಗೆ ಮೊದಲೇ. ಅಬ್ಬಿ ಪೈಪಿಗೂ ಮಣ್ಣು ಸಾಗಣೆಗೂ ಬೇರೆ ಐಟಂ ಇರಲಿ. ಜೊತೆಗೆ ಕೆಲಸದ ಕ್ರಮವೂ ಕರಾರಿನಲ್ಲಿ ಇರಲಿ: ನೆತ್ತಿಯ ಚರಂಡಿ ಮತ್ತು ಅದರ ನೀರು ಬಿಡುವ ಜಾಗ ಮೊದಲು, ಕಡಿತ ಆಮೇಲೆ. ಮೇ 31ರೊಳಗೆ ತೆರೆದ ಧರೆಗೆಲ್ಲ ಬುಡದ ಗೋಡೆ ಮುಗಿದಿರಬೇಕು. ಮುಗಿಸಲು ಆಗದಷ್ಟು ಉದ್ದವನ್ನು ಏಪ್ರಿಲ್‌ನಲ್ಲಿ ಕಡಿಯಲು ಬಿಡಬಾರದು.